ಹಿಂದಕ್ಕೆ ಹರಿದ ಕರೆಂಟು

ಕಳೆದ ತಿಂಗಳು ಪುಣೆಯ ವಿಮಾನ ನಗರದಲ್ಲಿ ನನ್ನ ಅಣ್ಣನ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಎತ್ತರದ ಕಟ್ಟಡ, ನೆಂಟರಿಂದ ತುಂಬಿದ ಮನೆ. ಪೂಜೆಯ ನಡುವೆ ಕರೆಂಟು ಹೋಯಿತು, ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ಕೆಳಗೆಲ್ಲೋ ಜನರೇಟರು ತಾನಾಗಿಯೇ ಚಾಲೂ ಆಗಿತ್ತು. ಆಚಾರ್ಯರ ಮಾತು ನಿಲ್ಲಲಿಲ್ಲ, ಮಕ್ಕಳು ತಲೆ ಎತ್ತಲಿಲ್ಲ. ಫ್ಯಾನು ಒಂದು ಕ್ಷಣ ನಿಧಾನವಾಗಿ ಮತ್ತೆ ವೇಗ ಹಿಡಿಯಿತು, ಅಷ್ಟೆ. ತೆರೆದ ಕಿಟಕಿಯಿಂದ ಡೀಸೆಲ್ ಹೊಗೆಯ ವಾಸನೆ ತೆಳ್ಳಗೆ ಒಳಗೆ ಬಂತು. ನನ್ನ ಹೆಂಡತಿ ಸುಮಂಗಲಾ ಹೆಂಗಸರ ಸಾಲಿನಲ್ಲಿ ಕೂತು ಯಾರ ಜೊತೆಗೋ ಮಾತಾಡುತ್ತಿದ್ದವಳು ತಿರುಗಿ ಕಿಟಕಿಯ ಕಡೆ ನೋಡಿದಳು. ನಾನು ಇತ್ತ ಗಂಡಸರ ಸಾಲಿನಿಂದ ಅವಳನ್ನು ನೋಡಿದೆ.  ಮನೆಗೆ ಹಿಂತಿರುಗುವಷ್ಟರಲ್ಲಿ ಹಳೆಯದೊಂದು ಬೇಸಿಗೆ ನನ್ನ ತಲೆಯೊಳಗೆ ಮತ್ತೆ ಬಂದು ಕೂತಿತ್ತು.

ಪುಣೆಯಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿದ್ದ ವರ್ಷಗಳವು. ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷ ಕಳೆದಿದ್ದವು. ದಿನಕ್ಕೆ ಇಷ್ಟು ಹೊತ್ತು ಕರೆಂಟು ಇಲ್ಲ ಎಂಬುದನ್ನು ಜನ ಹಾಲು ಬರುವ ಹೊತ್ತನ್ನು ನೆನಪಿಟ್ಟುಕೊಂಡಂತೆ ನೆನಪಿಟ್ಟುಕೊಂಡಿದ್ದರು. ಗಿರಣಿಯವನು ಆ ಹೊತ್ತು ನೋಡಿ ಹಿಟ್ಟು ಬೀಸುತ್ತಿದ್ದ, ಹೆಂಗಸರು ಆ ಹೊತ್ತು ನೋಡಿ ನೀರು ತುಂಬಿಸುತ್ತಿದ್ದರು. ಅಂಗಡಿಗಳ ಮುಂದೆ ಫುಟ್‌ಪಾತಿನ ಮೇಲೆಯೇ ಸಣ್ಣ ಜನರೇಟರುಗಳು ದಡದಡಿಸುತ್ತಿದ್ದವು. ನಾನು ಸೋಲಾರ್ ಕೂಡಿಸುವ ಒಂದು ಸಣ್ಣ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಸೋಲಾರ್ ಎಂದರೆ ಜನ ಸ್ನಾನಕ್ಕೆ ನೀರು ಕಾಯಿಸುವ ಟಾಕಿ ಎಂದೇ ತಿಳಿಯುತ್ತಿದ್ದ ಕಾಲ. ಬಿಸಿಲಿನಿಂದ ದೀಪ ಹತ್ತುತ್ತದೆ ಎಂದರೆ ನಗುತ್ತಿದ್ದರು.

ಸುಮಂಗಲಾಳ ತಮ್ಮ ಮಲ್ಲಿಕಾರ್ಜುನ ನಮ್ಮ ಜೊತೆಗೇ ಇದ್ದ. ಮಲ್ಲು. ಧಾರವಾಡದಲ್ಲಿ ಐ.ಟಿ.ಐ. ಮುಗಿಸಿ, ಪುಣೆಗೆ ಬಂದು, ಕರೆಂಟಿನ ಲೈನುಗಳನ್ನು ದುರಸ್ತಿ ಮಾಡುವ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವ ಕೆಲಸಕ್ಕೆ ಸೇರಿದ್ದ. ಮಾತು ಕಡಿಮೆ, ಹಸಿವು ಜಾಸ್ತಿ. ಸುಮಂಗಲಾ ರೊಟ್ಟಿ ಬಡಿಯುವಾಗ ಒಲೆಯ ಪಕ್ಕವೇ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ಒಂದೊಂದಾಗಿ ಬಿಸಿಬಿಸಿ ತಿನ್ನುತ್ತಿದ್ದ. ಭಾನುವಾರ ತನ್ನ ಹಗ್ಗವನ್ನು ಸೋಪು ಹಾಕಿ ತೊಳೆದು ಬಾಲ್ಕನಿಯ ಸರಳಿಗೆ ಒಣಹಾಕುತ್ತಿದ್ದ. ಹಗ್ಗಕ್ಕೆ ಯಾಕೋ ಸೋಪು ಎಂದು ನಾನು ಕೇಳಿದರೆ, "ಬೆವರ ಹತ್ತಿ ಜಾರತದರೀ ಮಾಮಾ," ಎನ್ನುತ್ತಿದ್ದ.

ಹೋಳಿಯ ಐದನೆಯ ದಿನ, ಪುಣೆಯವರು ಬಣ್ಣ ಆಡುವ ರಂಗಪಂಚಮಿಯ ಮಧ್ಯಾಹ್ನ, ಬಿಬವೇವಾಡಿ ಬಡಾವಣೆಯ ಒಂದು ಗಲ್ಲಿಯಲ್ಲಿ ಅವನು ಕಂಬದ ಮೇಲಿದ್ದ. ಸುಟ್ಟುಹೋಗಿದ್ದ ಒಂದು ಜೋಡಣೆಯನ್ನು ಬದಲಿಸಬೇಕಾಗಿತ್ತು. ಗಲ್ಲಿಯ ತುದಿಯಲ್ಲಿ ಫ್ಯೂಸು ಕಿತ್ತು, ಲೈನು ಸತ್ತಿದೆ ಎಂದು ನೋಡಿಕೊಂಡೇ ಹತ್ತಿದ್ದ. ಸತ್ತ ತಂತಿಯಲ್ಲಿ ಕರೆಂಟು ಬಂತು.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನನ್ನು ಹೊತ್ತು ತಂದ ಗಲ್ಲಿಯ ಜನ ಹೊರಗೆ ನಿಂತಿದ್ದರು. ಒಬ್ಬೊಬ್ಬರ ಮುಖವೂ ಗುಲಾಬಿ, ಹಸಿರು, ನೀಲಿ. ಬಣ್ಣದ ನಡುವೆ ಕಣ್ಣು ಮಾತ್ರ ಕಾಣುತ್ತಿದ್ದವು, ಯಾರು ಅಳುತ್ತಿದ್ದಾರೆ ಯಾರು ಇಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ಅವರಲ್ಲೊಬ್ಬ ಮಲ್ಲುವಿನ ಎದೆ ಒತ್ತಿ ಉಸಿರು ತರಲು ಬಹಳ ಹೊತ್ತು ಹೆಣಗಿದ್ದನಂತೆ. ಮಲ್ಲುವಿನ ಅಂಗಿಯ ಮೇಲೆ ಎರಡು ಗುಲಾಬಿ ಅಂಗೈಗಳು ಮೂಡಿದ್ದವು. ಆಮೇಲೆ ಬಂದ ಸುಮಂಗಲಾ ಮೊದಲು ಕೇಳಿದ್ದು ಅದನ್ನೇ.

"ಇವು ಯಾರ ಕೈ?"

"ಯಾರೋ ಪುಣ್ಯಾತ್ಮರದು," ಎಂದೆ.

ಅವಳು ಹೂಂ ಎಂದಳು. ಅಂದು ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ದುಃಖ ಎಂದರೆ ಹರಿಯುವುದು ಎಂದುಕೊಂಡಿದ್ದೆ. ನಮ್ಮದು ಹರಿಯಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಹಾಗೆ ಎಲ್ಲ ಮರಗಟ್ಟಿತ್ತು. ಮುಟ್ಟಿಕೊಂಡರೆ ದವಡೆ ಅಲ್ಲಿಯೇ ಇದೆ, ಆದರೆ ನಮ್ಮದಲ್ಲ.

ಧಾರವಾಡಕ್ಕೆ ಒಯ್ದು ಮಣ್ಣು ಮಾಡಿ ಬಂದೆವು. ಕೆಲವು ದಿನಗಳ ಮೇಲೆ ಗುತ್ತಿಗೆದಾರನ ಕಡೆಯವನೊಬ್ಬ ಮನೆಗೆ ಬಂದು, ವಿಚಾರಣೆ ಮುಗಿಯಿತು ಎಂದು ಹೇಳಿದ. ಯಾವುದೋ ಕಟ್ಟಡದ ಜನರೇಟರಿನಿಂದ ಕರೆಂಟು ಹಿಂದಕ್ಕೆ ಲೈನಿಗೆ ಬಂದಿರಬೇಕು, ಯಾವುದು ಎಂದು ಪತ್ತೆಯಾಗಲಿಲ್ಲ. ಇಷ್ಟನ್ನು ಬೇಗ ಬೇಗ ಹೇಳಿ, ಆಮೇಲೆ ನಿಧಾನವಾಗಿ ಇನ್ನೊಂದು ಮಾತು ಹೇಳಿದ. ತಂತಿ ಮುಟ್ಟುವ ಮೊದಲು ಅದನ್ನು ನೆಲಕ್ಕೆ ಕೂಡಿಸುವ ಒಂದು ಸರಪಳಿ ಹಾಕಬೇಕು. ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಸರಪಳಿ ಮಲ್ಲುವಿನ ಚೀಲದಲ್ಲೇ ಇತ್ತು.

ಅದು ನಿಜ. ಯಾಕೆ ಹಾಕಲಿಲ್ಲ ಎಂಬುದು ಯಾರಿಗೂ ಗೊತ್ತಿಲ್ಲ. ಬಿಸಿಲಿತ್ತು, ಹಬ್ಬವಿತ್ತು, ಕೆಳಗೆ ಜನ ಬೇಗ ಮುಗಿಸು ಎನ್ನುತ್ತಿದ್ದರು. ಆದರೆ ಅಂದಿನಿಂದ ಅವನ ಸಾವು ಅವನದೇ ತಪ್ಪು ಎಂದಾಯಿತು. ಧಾರವಾಡದಲ್ಲಿ ಹಿರಿಯ ಮಗನ ಮನೆಯಲ್ಲಿದ್ದ ನಮ್ಮ ಅತ್ತೆ ವಾರ ವಾರವೂ ಫೋನು ಮಾಡಿ ಮಗಳನ್ನು ಒಂದೇ ಮಾತು ಕೇಳುತ್ತಿದ್ದರು: "ಚೈನ್ ಯಾಕ ಹಾಕಲಿಲ್ಲವಾ ಅಂವ? ಅಂವಗ ಯಾರೂ ಹೇಳಿಕೊಟ್ಟಿದ್ದಿಲ್ಲೇನ?" ಸುಮಂಗಲಾ ಫೋನು ಹಿಡಿದು ನಿಂತಿರುತ್ತಿದ್ದಳು. ಇಟ್ಟ ಮೇಲೆ ಒಳಗೆ ಹೋಗಿ ಮೂವರಿಗೆ ಆಗುವಷ್ಟು ಹಿಟ್ಟು ನಾದುತ್ತಿದ್ದಳು. ನಾನು ಏನೂ ಹೇಳದೆ ಹೆಚ್ಚಾದ ರೊಟ್ಟಿಯನ್ನು ಮರುದಿನ ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದೆ.

ಬಿಸಿಲು ಏರಿತು. ಆಗ ನಮ್ಮ ಕಂಪನಿಗೆ ಒಂದು ಕೆಲಸ ಬಂತು. ಬಿಬವೇವಾಡಿಯಲ್ಲಿ ಕನ್ನಡ ವ್ಯಾಪಾರಸ್ಥರ ಒಂದು ಟ್ರಸ್ಟು ನಡೆಸುತ್ತಿದ್ದ ಹುಡುಗಿಯರ ಹಾಸ್ಟೆಲು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ಓದಲು ಬಂದವರು ಅಲ್ಲಿದ್ದರು. ಪರೀಕ್ಷೆಯ ಸಮಯ, ಸಂಜೆ ದೀಪವಿಲ್ಲ, ಇಡೀ ಹೊತ್ತು ಜನರೇಟರು ಓಡಿಸಿದರೆ ಅದರ ಸದ್ದಿನಲ್ಲಿ ಓದಲಾಗುವುದಿಲ್ಲ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ, ಬ್ಯಾಟರಿ ಕೂಡಿಸಿ, ದೀಪ ಮತ್ತು ಫ್ಯಾನುಗಳನ್ನು ಅದರಿಂದ ನಡೆಸಬೇಕು. ನೀರಿನ ಪಂಪು ಮಾತ್ರ ಜನರೇಟರಿನ ಮೇಲೆ ಇರಲಿ ಎಂಬುದು ಅವರ ಬೇಡಿಕೆ.

ವಿಳಾಸ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ಹಾಸ್ಟೆಲಿನ ಬೆನ್ನಿಗಿದ್ದದ್ದು ಅದೇ ಗಲ್ಲಿ, ಅದೇ ಕಂಬ. ಬೇರೆಯವರನ್ನು ಕಳಿಸಿ ಎಂದು ಮಾಲೀಕರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೋಗಬೇಕು ಎಂದೂ ಅನ್ನಿಸಿರಲಿಲ್ಲ, ಬೇಡ ಎಂದೂ ಅನ್ನಿಸಿರಲಿಲ್ಲ. ಅಳತೆಯ ಟೇಪು ಚೀಲಕ್ಕೆ ಹಾಕಿಕೊಂಡು ಹೊರಟೆ.

ಹಾಸ್ಟೆಲನ್ನು ನೋಡಿಕೊಳ್ಳುತ್ತಿದ್ದವರು ಶಾಂತಾಬಾಯಿ. ಧಾರವಾಡದಲ್ಲಿ ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ನಾನು ಆ ಕಡೆಯವನೆಂದು ತಿಳಿದು, "ಬರ್ರಿ ಬರ್ರಿ, ನಮ್ಮವರ ಬಂದ್ರಲಾ, ಭಾಳ ಛಲೋ ಆತು," ಎಂದು ಮಜ್ಜಿಗೆ ಕೊಟ್ಟರು. ಜನರೇಟರನ್ನು ತೋರಿಸಲು ಬಬನ್‌ರಾವ್ ಎಂಬುವರನ್ನು ಕರೆದರು. ಪುಣೆಯ ಪಕ್ಕದ ಭೋರ್ ಊರಿನ ಕಡೆಯ ಮರಾಠಿಯವರು, ಅರವತ್ತರ ಹತ್ತಿರದ ವಯಸ್ಸು. ಗೇಟು, ತೋಟ, ಪಂಪು, ಜನರೇಟರು ಎಲ್ಲ ಅವರದೇ. ಹುಡುಗಿಯರ ನಡುವೆ ಇದ್ದು ಇದ್ದು ನಮ್ಮ ಭಾಷೆಯನ್ನೂ ಒಂದಿಷ್ಟು ಹಿಡಿದುಕೊಂಡಿದ್ದರು.

ಕಟ್ಟಡದ ಹಿಂದೆ ತಗಡಿನ ಶೆಡ್ಡು. ಒಳಗೆ ಜನರೇಟರು, ಗೋಡೆಗೆ ಮುಖ್ಯ ಬೋರ್ಡು. ನಾನು ಬೋರ್ಡಿನ ಬಾಗಿಲು ತೆಗೆದು ನೋಡಿದೆ. ಇಂಥ ಕಡೆ ದೊಡ್ಡ ಹಿಡಿಯ ಒಂದು ಚೇಂಜ್ ಓವರ್ ಸ್ವಿಚ್ ಇರಬೇಕು. ಮೇಲೆ ಮಾಡಿದರೆ ಊರಿನ ಕರೆಂಟು, ಕೆಳಗೆ ಮಾಡಿದರೆ ಜನರೇಟರು. ಎರಡೂ ಒಟ್ಟಿಗೆ ಎಂದೂ ಕೂಡಲಾರವು. ಇಲ್ಲಿ ಅದು ಇರಲಿಲ್ಲ. ಎಂದೋ ಯಾರೋ ಜನರೇಟರಿನ ತಂತಿಯನ್ನು ನೇರವಾಗಿ ಬೋರ್ಡಿಗೆ ತಂದು ಕಟ್ಟಿಬಿಟ್ಟಿದ್ದರು. ಮೇನ್ ಸ್ವಿಚ್ ಬಂದ್ ಮಾಡದೆ ಚಾಲೂ ಮಾಡಿದರೆ ಅದರ ಕರೆಂಟು ಹಿಂದಕ್ಕೆ ಗಲ್ಲಿಯ ಲೈನಿಗೂ ಹೋಗುತ್ತದೆ.

"ನೀವು ಹೆಂಗ ಚಾಲೂ ಮಾಡ್ತೀರಿ?" ಎಂದೆ.

"ಸೋಪಾ ಆಹೆ, ಸಾಹೇಬ, ಭಾಳ ಸರಳ," ಎಂದು ಬಬನ್‌ರಾವ್ ಕೈಯಿಂದ ತೋರಿಸುತ್ತ ಹೋದರು. "ಲೈಟ್ ಹೋತು ಅಂದ್ರ ಮೊದಲ ಈ ಮೇನ್ ಬಂದ್ ಮಾಡೂದು. ಆಮ್ಯಾಲ ಜನರೇಟರ್ ಚಾಲೂ. ಆಮ್ಯಾಲ ಈ ಸ್ವಿಚ್. ಬಸ್."

"ಮೇನ್ ಬಂದ್ ಮಾಡೂದು ಮರತ್ರ?"

"ಮರಿಯೂದಿಲ್ಲ." ಸ್ವಲ್ಪ ನಕ್ಕರು. "ಒಂದ ಸಲ ಮರತಿದ್ದೆ. ಜನರೇಟರ್ ಎಮ್ಮಿ ಹಂಗ ಒದರಿ ಬಂದ್ ಬಿತ್ತು. ನೋಡಿದ್ರ ಮೇನ್ ಚಾಲೂನ ಇತ್ತು. ಬಂದ್ ಮಾಡಿ ಮತ್ತ ಹಚ್ಚಿದೆ, ನಡೀತು. ಪೋರಿಗಳು ಬಾತ್‌ರೂಮಿನಾಗ ಒದರಾಕ ಹತ್ತಿದ್ವು, ಕಣ್ಣಾಗ ಸಾಬಣ, ಮೈಗೆಲ್ಲ ಬಣ್ಣ, ನಳಕ್ಕ ನೀರಿಲ್ಲ. ಕಾಕಾ ಪಂಪ್, ಕಾಕಾ ಪಂಪ್ ಅಂತ. ನಾ ಓಡಿ ಬಂದೆ, ಗಡಿಬಿಡಿ ಆತು."

"ಯಾವತ್ತು?"

"ರಂಗಪಂಚಮಿ. ಅವತ್ತ ಹಿಂದಿನ ಗಲ್ಲಿಯಾಗ ಗಲಾಟೆ ಆತಲ್ಲ, ವಾಯರ್‌ಮನ್ ಒಬ್ಬಾಂವ ಕಂಬದ ಮ್ಯಾಲಿಂದ..."

ಅವರ ಕೈ ಇನ್ನೂ ಆ ಸ್ವಿಚ್ಚಿನ ಹತ್ತಿರವೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಅಷ್ಟು ದಿನ ಅವರ ತಲೆಯಲ್ಲಿ ಬೇರೆ ಬೇರೆಯಾಗಿ ಬಿದ್ದಿದ್ದ ಎರಡು ಸಂಗತಿಗಳು ನನ್ನ ಕಣ್ಣೆದುರಿಗೇ ಒಂದನ್ನೊಂದು ಮುಟ್ಟಿದವು. 

ಆ ಗಳಿಗೆಯಲ್ಲಿ ನನಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಕೊರಳಪಟ್ಟಿ ಹಿಡಿಯಬೇಕಿತ್ತು, ಕೂಗಬೇಕಿತ್ತು. ನಾನು ಬೋರ್ಡಿನ ಉದ್ದ ಅಗಲ ಅಳೆದು, ತಾರಸಿಗೆ ಹೋಗಿ ಅಲ್ಲಿಯೂ ಅಳೆದು, ಶಾಂತಾಬಾಯಿಯವರಿಗೆ ಹೋಗಿಬರುತ್ತೇನೆ ಎಂದು ಹೇಳಿ ಸ್ಕೂಟರು ಹತ್ತಿದೆ. ನಾನು ಯಾರು ಎಂದು ಹೇಳಲಿಲ್ಲ.

ಮನೆಗೆ ಬಂದಾಗ ಸುಮಂಗಲಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಚಪ್ಪಲಿ ಬಿಟ್ಟು ಅವಳೆದುರು ಕೂತು, ಕಂಡದ್ದನ್ನು ಕೇಳಿದ್ದನ್ನು ಇದ್ದ ಹಾಗೆಯೇ ಹೇಳಿದೆ. ಅವಳ ಬೆರಳುಗಳು ನಿಲ್ಲಲಿಲ್ಲ.

"ಜನರೇಟರ್ ಯಾಕ ಹಚ್ಚಿದ್ರಂತ?" ಎಂದಳು.

"ಹುಡಿಗ್ಯಾರ ಜಳಕಕ್ಕ. ಬಣ್ಣ ತೊಳಕೊಳ್ಳಾಕ ನೀರ ಬೇಕಾಗಿತ್ತಂತ."

"ಬಣ್ಣ," ಎಂದಳು. ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು. 

ಅತ್ತ ಹಾಸ್ಟೆಲಿಗೆ ಪ್ಯಾನೆಲುಗಳು ಬಂದು ಇಳಿದವು. ತಾರಸಿಯ ಮೇಲೆ ಕಬ್ಬಿಣದ ಕಾಲು ನೆಟ್ಟು, ದಕ್ಷಿಣಕ್ಕೆ ಮುಖ ಮಾಡಿ ಕೂಡಿಸುವ ಕೆಲಸ ಶುರುವಾಯಿತು. ಬೆಳಗಿನ ಬಿಸಿಲಿಗೇ ಕಬ್ಬಿಣ ಕೈ ಸುಡುತ್ತಿತ್ತು. ತಾರಸಿಯ ಅಂಚಿನಿಂದ ಕೆಳಗೆ ನೋಡಿದರೆ ಆ ಕಂಬ ಕಾಣುತ್ತಿತ್ತು. ಒಂದು ಗುಲ್‌ಮೊಹರ್ ಮರ ಅದಕ್ಕೆ ಅರ್ಧ ಮರೆಯಾಗಿ ಕೆಂಪಗೆ ಹೂ ಬಿಟ್ಟು ನಿಂತಿತ್ತು. ಬಬನ್‌ರಾವ್ ನೀರಿನ ಕೊಡ ಮೇಲಕ್ಕೆ ತಂದಿಟ್ಟು, ನನ್ನ ಕಡೆ ನೋಡದೆ ಇಳಿದುಹೋಗುತ್ತಿದ್ದರು.

ಶಾಂತಾಬಾಯಿ ದಿನಕ್ಕೊಮ್ಮೆ ಮೇಲೆ ಬಂದು, "ಇವತ್ತ ಲೈಟ್ ಹತ್ತತಾವೇನ್ರಿ?" ಎಂದು ಕೇಳುತ್ತಿದ್ದರು.

"ಇಲ್ರಿ ಬಾಯಾರ. ಕೆಳಗಿನ ಬೋರ್ಡಿಗೆ ಚೇಂಜ್ ಓವರ್ ಸ್ವಿಚ್ ಹಾಕಬೇಕು. ಅದು ಬರೂತನಕ ನಾ ಜೋಡಸೂದಿಲ್ಲ."

"ಅಯ್ಯ, ಅದನ್ನ ಆಮ್ಯಾಲ ಹಾಕ್ರೆಲಾ. ಹುಡಿಗ್ಯಾರ ಪೇಪರ್ ಶುರು ಆಗ್ಯಾವ. ಇಷ್ಟ ವರ್ಷ ಹಿಂಗ ನಡದದ."

"ಸೋಲಾರ್ ಕರೆಂಟೂ ಹಿಂದಕ್ಕ ಹೋಗತದ್ರಿ. ಮೊದಲ ಸ್ವಿಚ್," ಎಂದೆ.

ನನ್ನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖವನ್ನು ನೋಡಿದರು. ಮತ್ತೆ ಕೇಳಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ನಾನು ಹೊರಡುವಾಗ ಸುಮಂಗಲಾ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ನನ್ನೂ ಕರಕೊಂಡ ಹೋಗ್ರಿ," ಎಂದಳು. ನಾನು ಸ್ಕೂಟರು ಹೊರಗೆ ತೆಗೆದೆ.

ಶೆಡ್ಡಿನ ಮುಂದೆ ಬಬನ್‌ರಾವ್ ಡೀಸೆಲ್ ಡಬ್ಬಿ ಒರೆಸುತ್ತಿದ್ದರು. ಶಾಂತಾಬಾಯಿ ಯಾರೋ ನೆಂಟರು ಬಂದರೆಂದು ನಗುತ್ತ ಹೊರಗೆ ಬಂದರು. ಸುಮಂಗಲಾ ಅವರಿಗೆ ಕೈ ಮುಗಿದು, ಬಬನ್‌ರಾವ್ ಕಡೆ ತಿರುಗಿದಳು.

"ಆ ಮೇನ್ ಸ್ವಿಚ್ ಯಾವದು, ತೋರಸ್ರಿ," ಎಂದಳು.

ಅವರು ತೋರಿಸಿದರು. ಕೆಂಪು ಹಿಡಿಯ ಹಳೆಯ ಸ್ವಿಚ್. ಸುಮಂಗಲಾ ಅದನ್ನು ಬಹಳ ಹೊತ್ತು ನೋಡಿದಳು. ಇಷ್ಟು ಸಣ್ಣದೇ ಎಂಬಂತೆ ನೋಡಿದಳು.

"ಕಂಬದ ಮ್ಯಾಲ ಇದ್ದಂವ ನನ್ನ ತಮ್ಮ," ಎಂದಳು.

ಬಬನ್‌ರಾವ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಮತ್ತೆ ಮಡಚಿದರು.  ಶಾಂತಾಬಾಯಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಸುಮಂಗಲಾ ಕೂಗಾಡಲಿಲ್ಲ. ಮನೆಯಲ್ಲಿ ಯೋಚಿಸಿಕೊಂಡು ಬಂದ ಮಾತನ್ನು ಒಂದೊಂದಾಗಿ ಹೇಳಿದಳು. "ನಾ ನಿಮ್ಮನ್ನ ಜೈಲಿಗೆ ಹಾಕಸೂದಿಲ್ಲ. ನಿಮ್ಮ ಕಡಿಂದ ಏನೂ ಬ್ಯಾಡ. ನನ್ನ ತಮ್ಮ ತನ್ನ ತಪ್ಪಿಲೇ ಸತ್ತಾನ ಅಂತ ಎಲ್ಲಾರೂ ಅಂತಾರ. ನಮ್ಮವ್ವನೂ ಹಂಗ ತಿಳಕೊಂಡಾಳ. ನೀವು ಕರೆಂಟ್ ಆಫೀಸಿಗೆ ಬಂದು, ಅವತ್ತ ಏನಾತು ಅಂತ ನಿಮ್ಮ ಬಾಯಿಲೇ ಹೇಳ್ರಿ. ಇಷ್ಟ."

ಬಬನ್‌ರಾವ್ ಉತ್ತರ ಕೊಡುವ ಮೊದಲೇ ಶಾಂತಾಬಾಯಿ ನಡುವೆ ಬಂದರು. "ತಂಗಿ, ನಿನ್ನ ಸಂಕಟ ನನಗ ತಿಳೀತದವಾ. ಆದ್ರ ಆಫೀಸಿನವರು ಹಾಸ್ಟೆಲ್ ಕರೆಂಟ್ ಕಡದ್ರ, ಬಾಗಲಾ ಹಾಕಸಿದ್ರ, ಪರೀಕ್ಷಾದಾಗ ನಲವತ್ತ ಹುಡಿಗ್ಯಾರು ಎಲ್ಲಿ ಹೋಗಬೇಕು? ಅವರವ್ವ ಅಪ್ಪಗ ನಾ ಏನ ಹೇಳ್ಲಿ?"

"ಅದು ನನಗ ಗೊತ್ತಿಲ್ರಿ ಬಾಯಾರ," ಎಂದಳು ಸುಮಂಗಲಾ. ಅದು ಮೊಂಡುತನದ ಮಾತಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನ ನಾನು ಹೋದಾಗ ಗೇಟಿನಲ್ಲಿ ಬಬನ್‌ರಾವ್ ಇರಲಿಲ್ಲ. ಊರಿಗೆ ಹೋದರು, ಯಾವಾಗ ಬರುತ್ತಾರೋ ಹೇಳಲಿಲ್ಲ, ಹಾಸಿಗೆ ಸುತ್ತಿಟ್ಟು ಹೋಗಿದ್ದಾರೆ ಎಂದು ಶಾಂತಾಬಾಯಿ ನೆಲ ನೋಡುತ್ತ ಹೇಳಿದರು. ಭೋರ್ ಏನೂ ದೂರವಲ್ಲ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಹಿಡಿಯಬಹುದಿತ್ತು. ಹೋಗಲೇ ಎಂದು ಮನೆಯಲ್ಲಿ ಕೇಳಿದೆ. ಸುಮಂಗಲಾ ಬೇಡ ಎಂದಳು. "ಹಿಡಕೊಂಡ ಬಂದು ಹೇಳಸಿದ್ರ ಅದು ಹೇಳಿದಂಗ ಆಗೂದಿಲ್ಲ."

ನಾನು ಕೆಲಸ ಮಾಡಿದೆ. ಹೊಸ ಸ್ವಿಚ್ ಬಂತು. ಹಳೆಯ ಬೋರ್ಡನ್ನು ಪೂರ್ತಿ ಬಿಚ್ಚಿ, ಜನರೇಟರಿನ ತಂತಿಯನ್ನು ಅಲ್ಲಿಂದ ಕಿತ್ತು ಸ್ವಿಚ್ಚಿನ ಕೆಳಬಾಯಿಗೆ ಕೊಟ್ಟೆ. ಊರಿನ ಕರೆಂಟು ಮೇಲ್ಬಾಯಿಗೆ. ದೀಪ ಮತ್ತು ಫ್ಯಾನಿನ ತಂತಿಗಳನ್ನೆಲ್ಲ ಬೇರ್ಪಡಿಸಿ, ಸೋಲಾರಿನ ಇನ್ವರ್ಟರಿಗೆ ಒಂದು ಬೇರೆಯೇ ಬೋರ್ಡು ಮಾಡಿದೆ. ಒಂದಕ್ಕೊಂದು ತಾಕದಂತೆ ಮೂರು ದಾರಿಗಳು. ಮಾಡಬೇಕಾದವರು ಮೊದಲೇ ಮಾಡಿದ್ದರೆ ಎಂಬ ಯೋಚನೆ ಬರುತ್ತಿತ್ತು, ಹೋಗುತ್ತಿತ್ತು. ಅದು ನೋಯುತ್ತಲೂ ಇರಲಿಲ್ಲ. ಒಂದು ಮಧ್ಯಾಹ್ನ ಸ್ಕ್ರೂ ಬಿಗಿಯುವಾಗ ಬೆರಳು ಕುಯ್ದು ರಕ್ತ ಬಂತು. ಜೊತೆಗಿದ್ದವರು ತೋರಿಸಿದ ಮೇಲೆಯೇ ನಾನು ನೋಡಿದ್ದು.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಬನ್‌ರಾವ್. ಶಾಂತಾಬಾಯಿಯವರಿಂದ ವಿಳಾಸ ಕೇಳಿಕೊಂಡು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ. ಅಂಗಿಯೊಳಗೆ ಮನುಷ್ಯ ಸಣ್ಣಗಾಗಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಸುಮಂಗಲಾಳಿಗೆ ಹೇಳಿದರು:

"ನಡೀರಿ ತಾಯಿ, ಆಫೀಸಿಗೆ ಹೋಗೂಣು. ಊರಾಗ ಕುಂತ್ರೂ ಕಿವಿಯಾಗ ಅದ ಜನರೇಟರ್ ಒದರತದ."

ಕರೆಂಟು ಕಚೇರಿಯ ಎಂಜಿನಿಯರು ಒಳ್ಳೆಯ ಮನುಷ್ಯ. ಮೂವರಿಗೂ ಕುರ್ಚಿ ಹಾಕಿಸಿದರು. ಬಬನ್‌ರಾವ್ ಕೂರದೆ ನಿಂತುಕೊಂಡೇ ಮರಾಠಿಯಲ್ಲಿ ಎಲ್ಲ ಹೇಳಿದರು. ಹುಡುಗಿಯರು ಕೂಗಿದ್ದು, ತಾನು ಓಡಿದ್ದು, ಮೇನ್ ಬಂದ್ ಮಾಡದೆ ಜನರೇಟರು ಚಾಲೂ ಮಾಡಿದ್ದು, ಅದು ಒದರಿ ನಿಂತದ್ದು. ಹಾಸ್ಟೆಲಿನವರ ತಪ್ಪಿಲ್ಲ, ಕೈ ನನ್ನದು ಎಂದರು. ಎಂಜಿನಿಯರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಲೈನಿನ ಮೇಲೆ ಇನ್ನೂ ಬೇರೆ ಜನರೇಟರುಗಳಿವೆ, ಇದೇ ಎಂದು ಖಚಿತವಾಗಿ ಬರೆಯಲು ನನಗೆ ಆಗುವುದಿಲ್ಲ, ಆದರೆ ಹೀಗಾಗಿರಬಹುದು, ಬಹುಶಃ ಹೀಗೇ ಆಗಿದೆ ಎಂದರು. ಈ ಹೇಳಿಕೆಯನ್ನು ವಿಚಾರಣೆಯ ಜೊತೆಗೆ ಸೇರಿಸುತ್ತೇನೆ, ಆ ಭಾಗದ ಒಂದೊಂದು ಜನರೇಟರನ್ನೂ ಪರೀಕ್ಷೆ ಮಾಡಿಸುತ್ತೇನೆ, ಮೊದಲು ಹಾಸ್ಟೆಲಿನದು, ಅಲ್ಲಿಯವರೆಗೆ ಅದನ್ನು ಮುಟ್ಟುವ ಹಾಗಿಲ್ಲ ಎಂದರು. ಆಮೇಲೆ ಸುಮಂಗಲಾಳಿಗೆ, "ತಮ್ಮ ಎಷ್ಟು ವರ್ಷದವನು?" ಎಂದು ಕೇಳಿದರು. ಅವಳು ಹೇಳಿದಳು. ಅವರು ಕನ್ನಡಕ ಹಾಕಿಕೊಂಡರು.

ಪರೀಕ್ಷೆಯ ದಿನ ಕಚೇರಿಯಿಂದ ಒಬ್ಬ ಲೈನ್‌ಮನ್ ಬಂದ. ಮಲ್ಲುವಿನ ವಯಸ್ಸಿನವನೇ, ಬಾಯಲ್ಲಿ ಬಡೀಸೋಪು ಅಗಿಯುತ್ತಿದ್ದ. ಗಲ್ಲಿಯ ತುದಿಯಲ್ಲಿ ಫ್ಯೂಸು ಕಿತ್ತು, ಸರಪಳಿ ಹಾಕಿದರೆ ಕರೆಂಟು ಬಂದರೂ ತಿಳಿಯದೆಂದು ಅದನ್ನು ಕೆಳಗಿಟ್ಟು, ಪರೀಕ್ಷೆಯ ದೀಪ ಮಾತ್ರ ಹಿಡಿದು ಅದೇ ಕಂಬ ಹತ್ತಿದ. ನಾನು ಕೆಳಗೆ ನಿಂತೆ. ಶೆಡ್ಡಿನಲ್ಲಿ ಬಬನ್‌ರಾವ್ ಹೊಸ ಸ್ವಿಚ್ಚಿನ ಹಿಡಿ ಕೆಳಗೆ ಮಾಡಿ ಜನರೇಟರು ಚಾಲೂ ಮಾಡಿದರು. ಅದರ ದಡದಡ ಗೋಡೆಯಾಚೆಯಿಂದ ಕೇಳಿಸಿತು. ಜೊತೆಗೆ ಸೋಲಾರನ್ನೂ ಚಾಲೂ ಮಾಡಿಸಿದೆ. ಹಾಸ್ಟೆಲಿನ ಕಿಟಕಿಗಳಲ್ಲಿ ಫ್ಯಾನು ತಿರುಗತೊಡಗಿದವು, ಹುಡುಗಿಯರು ಹೋ ಎಂದು ಕೂಗಿದರು. ಮೇಲೆ ಆ ಹುಡುಗ ದೀಪದ ಮೊನೆಯನ್ನು ಒಂದೊಂದು ತಂತಿಗೂ ಮುಟ್ಟಿಸಿದ. ದೀಪ ಹತ್ತಲಿಲ್ಲ.

"ಕಾಹೀ ನಾಹೀ, ಸಾಹೇಬ," ಎಂದ. ಏನೂ ಇಲ್ಲ.

ಇನ್ನೊಮ್ಮೆ ನೋಡು ಎಂದೆ. ಇನ್ನೊಮ್ಮೆ ನೋಡಿದ. ಅವನು ಇಳಿದು ನೆಲಕ್ಕೆ ಕಾಲಿಟ್ಟಾಗ ನಾನು ಗುಲ್‌ಮೊಹರ್ ಬುಡದಲ್ಲಿ ಕೂತುಬಿಟ್ಟೆ. ಹುಡುಗ ಹೆದರಿ ನೀರು ತಂದ. ಕುಡಿದೆ. ಬಿಸಿಲು ಸಾಹೇಬ, ಟೋಪಿ ಹಾಕಿಕೊಳ್ಳಬೇಕು ಎಂದು ಬುದ್ಧಿ ಹೇಳಿದ. ಹೌದು ಎಂದೆ.

ಹೊರಡುವಾಗ ಶಾಂತಾಬಾಯಿ ಗೇಟಿನವರೆಗೆ ಬಂದರು. "ದೀಪ ಹತ್ತಿದ್ವು, ಹಾಸ್ಟೆಲ್ ಉಳೀತು, ನಿಮಗ ಭಾಳ ಪುಣ್ಯ ಬರಲಿ," ಎಂದು ದನಿ ತಗ್ಗಿಸಿದರು. "ಆದ್ರ ಈ ಬಬನ್‌ರಾವ್ ಅನ್ನಾ ಬಿಟ್ಟಾನ ನೋಡ್ರಿ. ತಾಟ ಹಚ್ಚಿಕೊಟ್ರ ಹಂಗ ಇಟ್ಟು ಎದ್ದ ಹೋಗತಾನ. ನಾ ಎಷ್ಟ ಅಂತ ಹೇಳ್ಲಿ?"

ಆ ದಿನ ಸಂಜೆ ಮೊದಲ ಮಳೆಯ ಗಾಳಿ ಎದ್ದಿತ್ತು. ಸುಮಂಗಲಾ ತಾನೇ ಧಾರವಾಡಕ್ಕೆ ಫೋನು ಮಾಡಿದಳು.

"ಅವ್ವಾ, ಅಂವ ಚೈನ್ ಹಾಕಲಿಲ್ಲ, ಅದು ಖರೇ. ಆದ್ರ ಆ ತಂತ್ಯಾಗ ಕರೆಂಟ್ ಬರಬಾರದಿತ್ತು. ಇಲ್ಲೊಂದು ಹಾಸ್ಟೆಲಿನ್ಯಾಗ ಒಬ್ರು ಮೇನ್ ಬಂದ್ ಮಾಡೂದು ಮರತಿದ್ರು. ಅಂವ ಒಂದು ಮರತ, ಅವರೊಂದು ಮರತ್ರು. ಎರಡೂ ಕೂಡಿದ್ವು ಅವ್ವಾ. ಅಂವ ಒಬ್ಬಂದ ತಪ್ಪಲ್ಲ."

ಆ ಕಡೆಯಿಂದ ಅತ್ತೆ ಏನೇನೋ ಕೇಳಿದರು. ಯಾರು, ಯಾವ ಊರಿನವನು, ವಯಸ್ಸೆಷ್ಟು, ತಾನಾಗಿಯೇ ಬಂದು ಹೇಳಿದನೋ ಹಿಡಿದು ತಂದಿರೋ. ಸುಮಂಗಲಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಇನ್ನೇನೋ ಒಂದು ಕೇಳಿದರು. ಅವಳು ಫೋನನ್ನು ನನ್ನ ಕೈಗಿಟ್ಟು, ಗೋಡೆಗೆ ಹಣೆ ಹಚ್ಚಿ ನಿಂತಳು. ಅವಳ ಹೆಗಲು ಅಲುಗುತ್ತಿದ್ದವು. ರಂಗಪಂಚಮಿಯ ನಂತರ ಅವಳು ಅತ್ತದ್ದು ಅದೇ ಮೊದಲು.

"ಅತ್ತಿ, ನಾ ಇದ್ದೀನ್ರಿ," ಎಂದೆ.

"ಅಳಿಯಂದ್ರ, ಆ ಮನಶ್ಯಾ ಈಗ ಉಣ್ತಾನೋ ಇಲ್ಲೋ?"

"ಇಲ್ಲಂತ್ರಿ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಉಣ್ಣಾಕ ಹೇಳ್ರಿ," ಎಂದು ಫೋನು ಇಟ್ಟರು.

ಮರುದಿನ ಮಧ್ಯಾಹ್ನ ಹಾಸ್ಟೆಲಿಗೆ ಹೋದೆ. ಬಬನ್‌ರಾವ್ ಶೆಡ್ಡಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ. ಉಣ್ಣಬೇಕಂತೆ, ಧಾರವಾಡದಿಂದ ಹೇಳಿ ಕಳಿಸಿದ್ದಾರೆ ಎಂದೆ. ಧಾರವಾಡದಿಂದ ಯಾರು ಎಂದು ಕೇಳಿದರು. ಕಂಬದ ಮೇಲಿದ್ದವನ ತಾಯಿ ಎಂದೆ.

 ಅವರು ಎದ್ದು ನಳದ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದು, ತಟ್ಟೆಯ ಮುಚ್ಚಳ ತೆಗೆದರು.